ಅರ್ಧ ಬಾಟ್ಸೆನ್ ಕಾಣಿಕೆ

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್. ಅದರ ಸಭೆಗಳಲ್ಲಿ ಹುಟ್ಟಿ ಬೆಳೆದ ಕರಾವಳಿಯವರಿಗೆ ಬಾಸೆಲ್ ಅಂದರೆ ಹಂಚು, ಶಾಲೆ, ಅಚ್ಚುಕೂಟ. ಸಭೆಯವರೆಲ್ಲ ಸೇರಿ ಯುರೋಪ್ ಪ್ರವಾಸ ಹೊರಟಾಗ ಆ ಊರಿನಲ್ಲಿ ನಮಗೊಂದು ಭಾನುವಾರ ಸಿಕ್ಕಿತು. ಸ್ವಿಟ್ಜರ್‌ಲ್ಯಾಂಡಿನಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳೂ ಮುಚ್ಚಿರುತ್ತವೆ. ತಂಡದವರೆಲ್ಲ ರೈನ್ ನದಿಯ ದಡದ ಮೇಲಿರುವ ಮ್ಯೂನ್‌ಸ್ಟರ್ ದೇವಾಲಯಕ್ಕೆ ಆರಾಧನೆಗೆ ಹೋದೆವು.

ಇಡೀ ಕಟ್ಟಡ ಕೆಂಪು ಮರಳುಗಲ್ಲಿನದು, ನಮ್ಮೂರ ಮುರಕಲ್ಲಿನ ಬಣ್ಣ. 1529ರಲ್ಲಿ ಈ ಊರು ಪ್ರೊಟೆಸ್ಟಂಟ್ ಮತಸುಧಾರಣೆಯನ್ನು ಒಪ್ಪಿಕೊಂಡ ಮೇಲೆ ಒಳಗೆ ವಿಗ್ರಹಗಳಿಲ್ಲ, ಹೆಚ್ಚಿನ ಅಲಂಕಾರವೂ ಇಲ್ಲ. ನಮ್ಮಲ್ಲಿ ಯಾರಿಗೂ ಜರ್ಮನ್ ಬಾರದು. ಆರ್ಗನ್ ನುಡಿಯಿತು, ಸಭೆ ಕೂತೇ ಹಾಡತೊಡಗಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಪಕ್ಕದ ದೊಡ್ಡಮ್ಮ ಮೆಲ್ಲಗೆ ಕನ್ನಡದಲ್ಲಿ ದನಿಗೂಡಿಸಿದರು. ಭಾನುವಾರದ ಶಾಲೆಯಲ್ಲಿ ಕಲಿತ ರಾಗ ಅದು. ನಮ್ಮ ಸಂಗೀತ ಪುಸ್ತಕದ ಎಷ್ಟೋ ರಾಗಗಳು ಜರ್ಮನ್ ಸಭೆಗಳಿಂದಲೇ ಬಂದವು. ಒಬ್ಬೊಬ್ಬರಾಗಿ ನಾವೆಲ್ಲ ಸೇರಿಕೊಂಡೆವು. ಮುಂದಿನ ಬೆಂಚಿನ ಅಜ್ಜಿಯೊಬ್ಬರು ತಿರುಗಿ ನೋಡಿ, ತಮ್ಮ ದನಿಯನ್ನೂ ಏರಿಸಿದರು. ದೊಡ್ಡಮ್ಮನ ಕಣ್ಣು ತುಂಬಿತ್ತು, ನನ್ನದೂ.

ಪಾದ್ರಿಯ ಪ್ರಸಂಗ, ಅಂದರೆ ಬೋಧನೆ, ನಡೆಯುವಾಗ ಅರ್ಥವಾಗದ ಮಾತಿನ ನಡುವೆ ನಾನು ನೆನೆಯುತ್ತಿದ್ದದ್ದು ಒಂದು ಚಿಕ್ಕ ನಾಣ್ಯವನ್ನು. 1815ರಲ್ಲಿ ಶುರುವಾದ ಬಾಸೆಲ್ ಮಿಶನ್ 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ನಮ್ಮ ಕಡೆಗೆ ಕಳಿಸಿತು. ಅವರ ಹೆಸರು ನಮಗೆ ಗೊತ್ತು. ಅವರ ಹಿಂದೆ ಬಂದವರನ್ನು ಸಾಕಿದವರ ಹೆಸರು ಗೊತ್ತಿಲ್ಲ. 19ನೇ ಶತಮಾನದ ನಡುವಿನಲ್ಲಿ ಬಾಸೆಲಿನಲ್ಲಿ ಅರ್ಧ ಬಾಟ್ಸೆನ್ ಕಾಣಿಕೆ ಎಂಬ ಪದ್ಧತಿ ಬಂತು. ಬಾಟ್ಸೆನ್ ಅಂದರೆ ಹಳೆಯ ಸ್ವಿಸ್ ನಾಣ್ಯ. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದೇ ರಾಪೆನ್ (ನೂರು ರಾಪೆನ್ ಸೇರಿದರೆ ಒಂದು ಫ್ರಾಂಕ್). ಮನೆಮನೆಗೆ ಹೋಗಿ ಎತ್ತುತ್ತಿದ್ದರು. ಬಡವರೂ ಕೊಡಲೆಂದೇ ಅಷ್ಟು ಚಿಕ್ಕ ಮೊತ್ತ ಗೊತ್ತು ಮಾಡಿದ್ದು. ಮಂಗಳೂರು ಎಲ್ಲಿದೆಯೆಂದು ತಿಳಿಯದ ಮನೆಗೆಲಸದ ಹೆಂಗಸು ಅದನ್ನು ಕರವಸ್ತ್ರದ ಗಂಟಿನಲ್ಲೋ ಡಬ್ಬಿಯಲ್ಲೋ ಎತ್ತಿಟ್ಟು ಕೊಟ್ಟಿರಬೇಕು. ನನ್ನ ಅಜ್ಜಿ ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಮುಷ್ಟಿ ಸಭೆಗೆಂದು ಬೇರೆ ಮಡಕೆಗೆ ಹಾಕುತ್ತಿದ್ದರು. ದೇವಾಲಯದ ಬೊಕ್ಕಸದ ಮುಂದೆ ಕೂತು ಬಡ ವಿಧವೆ ಹಾಕಿದ ಎರಡು ಕಾಸನ್ನು ನೋಡಿದ ಯೇಸುಸ್ವಾಮಿ ಈ ನಾಣ್ಯವನ್ನೂ ಆ ಮುಷ್ಟಿಯನ್ನೂ ಕಂಡಿದ್ದಾನೆ ಎಂದು ನಾನು ನಂಬುತ್ತೇನೆ.

ಕೊನೆಗೆ ಎಲ್ಲರೂ ಎದ್ದು ಕರ್ತನು ಕಲಿಸಿದ ಪ್ರಾರ್ಥನೆ ಹೇಳಿದರು. ನಾವು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದೆವು. ಆಮೆನ್‌ಗೆ ಎಲ್ಲರೂ ಒಟ್ಟಿಗೆ ಬಂದು ತಲುಪಿದೆವು.

ಅಷ್ಟು ದೊಡ್ಡ ದೇವಾಲಯದಲ್ಲಿ ಖಾಲಿ ಬೆಂಚುಗಳೇ ಹೆಚ್ಚಿದ್ದವು, ಬಂದವರಲ್ಲಿ ನರೆಗೂದಲಿನವರೇ ಬಹಳ. ನೋಡಿ ಸಂಕಟವಾಯಿತು. ನಮಗಾಗಿ ತಲೆಮಾರುಗಟ್ಟಲೆ ಪ್ರಾರ್ಥಿಸಿದ ಸಭೆಗೆ ನಾವು ಪ್ರಾರ್ಥಿಸುವ ಕಾಲ ಇದು. ಇಲ್ಲಿ ಕಾಣಿಕೆ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುವುದಿಲ್ಲ, ಹೊರಡುವಾಗ ಬಾಗಿಲ ಬಳಿ ಹಾಕಬೇಕು. ನಮ್ಮ ತಂಡದ ಒಬ್ಬರೂ ಹಾಕದೆ ಹೊರಬರಲಿಲ್ಲ. ಊರಿಗೆ ಬಂದ ಮೇಲೆ ನಮ್ಮ ಸಭಾಪಾಲಕರಾದ ಅಯ್ಯನವರನ್ನು ಕಂಡು, ಭಾನುವಾರದ ಮಧ್ಯಸ್ಥಿಕೆಯ ಪ್ರಾರ್ಥನೆಯಲ್ಲಿ ಬಾಸೆಲಿನ ಸಭೆಯನ್ನೂ ಹೆಸರು ಹಿಡಿದು ನೆನೆಯಬೇಕೆಂದು ಕೇಳಿಕೊಂಡೆವು. ಅವರು ಒಪ್ಪಿದ್ದಾರೆ.