ಚುಚ್ಚಿದ್ದು ದವಡೆಯ ಹಿಂದೆ, ಮರಗಟ್ಟಿದ್ದು ತುಟಿ

ಕೆಳಗಿನ ದವಡೆ ಹಲ್ಲು ಕೀಳೋದಕ್ಕೆ ಮುಂಚೆ ಇಂಜೆಕ್ಷನ್ ಕೊಟ್ಟು ನಾನು ಐದು ನಿಮಿಷ ಸುಮ್ನೆ ಕಾಯುತ್ತೇನೆ. ಆಮೇಲೆ ಕೇಳುವ ಮೊದಲ ಪ್ರಶ್ನೆ ಹಲ್ಲಿನ ಬಗ್ಗೆ ಅಲ್ಲ. "ಕೆಳತುಟಿ ದಪ್ಪ ಆದ ಹಾಗೆ ಅನ್ನಿಸ್ತಿದೆಯಾ?" ಅಂತ ಕೇಳುತ್ತೇನೆ. ಹೌದು ಅಂದರೆ ಮಾತ್ರ ಇಕ್ಕಳಕ್ಕೆ ಕೈ ಹಾಕುತ್ತೇನೆ. ಇಲ್ಲ ಅಂದರೆ ಇನ್ನೂ ಸ್ವಲ್ಪ ಕಾಯಬೇಕು, ಇಲ್ಲವೇ ಮತ್ತೊಮ್ಮೆ ಚುಚ್ಚಬೇಕು.

ಮೊನ್ನೆ ಒಬ್ಬರು ಅರ್ಧ ಬಾಯಿ ಮರಗಟ್ಟಿದ್ದರೂ ಬಿಡದೆ ಕೇಳಿದರು. "ನೀವು ಚುಚ್ಚಿದ್ದು ಬಾಯಿಯ ತೀರಾ ಹಿಂದೆ. ಹಲ್ಲು ಇರೋದು ಅದರ ಮುಂದೆ. ತುಟಿ ಯಾಕೆ ಮರಗಟ್ಟಬೇಕು ಡಾಕ್ಟ್ರೇ?" ತುಂಬ ಒಳ್ಳೆಯ ಪ್ರಶ್ನೆ. ಅವತ್ತು ಹೊರಗೆ ನಾಲ್ಕು ಜನ ಕಾಯುತ್ತಿದ್ದರು, ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಸರಿಯಾದ ಉತ್ತರಕ್ಕೆ ಒಂದು ನರದ ಹಿಂದೆ ಮೆದುಳಿನಿಂದ ತುಟಿಯವರೆಗೆ ನಡೆದುಕೊಂಡು ಬರಬೇಕು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ನರದ ಹೆಸರು ಟ್ರೈಜೆಮಿನಲ್. ತಲೆಯಲ್ಲಿ ಹೊರಡುವ 12 ಜೋಡಿ ನರಗಳಲ್ಲಿ ಇದು ಐದನೆಯದು, ಎಲ್ಲಕ್ಕಿಂತ ದಪ್ಪ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ತ್ರಿವಳಿ ಅಂತ ಅರ್ಥ, ಒಂದೇ ಹೆರಿಗೆಯಲ್ಲಿ ಹುಟ್ಟಿದ ಮೂರು ಮಕ್ಕಳ ಹಾಗೆ. ಹಣೆಗೊಂದು, ಕೆನ್ನೆಗೊಂದು, ಕೆಳದವಡೆಗೊಂದು. ಮುಖಕ್ಕೆ ಗಾಳಿ ತಾಗಿದ್ದು, ತಣ್ಣೀರು ಎರಚಿದ್ದು, ಕಣ್ಣಿಗೆ ಧೂಳು ಬಿದ್ದಿದ್ದು, ಹಲ್ಲು ಜುಮ್ ಅಂದಿದ್ದು ಎಲ್ಲ ಮೆದುಳಿಗೆ ಗೊತ್ತಾಗುವುದು ಇದರಿಂದಲೇ.

ಓದುವಾಗ ಇದು ನನಗೆ ಬಹಳ ಕಷ್ಟವಾಗಿತ್ತು. ಕೊಂಬೆ, ಕೊಂಬೆಗೆ ಕೊಂಬೆ, ಅದಕ್ಕೆ ಇನ್ನೊಂದು ಹೆಸರು. ಉರು ಹೊಡೆದು ಪರೀಕ್ಷೆ ಬರೆದು ಮರೆತೆ. ಆಮೇಲೆ ಒಬ್ಬ ಮೇಡಂ ಒಣ ತಲೆಬುರುಡೆಯನ್ನು ಕೈಗೆ ಕೊಟ್ಟು, ಒಂದು ತೆಳು ತಂತಿ ಕೊಟ್ಟು, "ಯಾವ ತೂತಿನಿಂದ ಹೋಗಿ ಎಲ್ಲಿ ಹೊರಗೆ ಬರುತ್ತೆ ಅಂತ ತೂರಿಸಿ ನೋಡು" ಅಂದರು. ಅವತ್ತಿನಿಂದ ಮರೆತಿಲ್ಲ. ಈ ನರವನ್ನು ಹೆಸರುಗಳ ಪಟ್ಟಿ ಅಂತ ನೋಡಬಾರದು, ದಾರಿ ಅಂತ ನೋಡಬೇಕು. ದಾರಿ ಗೊತ್ತಿದ್ದರೆ ಎಲ್ಲಿ ಅಡ್ಡ ಹಾಕಿದರೆ ಎಲ್ಲೆಲ್ಲಿ ಮರಗಟ್ಟುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮೆದುಳಿನ ಕಾಂಡದಲ್ಲಿ ಪಾನ್ಸ್ ಅನ್ನುವ ಒಂದು ಉಬ್ಬು ಇದೆ. ಅದರ ಪಕ್ಕದಿಂದ ಈ ನರ ಎರಡು ಬೇರುಗಳಾಗಿ ಹೊರಡುತ್ತದೆ. ದಪ್ಪ ಬೇರು ಸ್ಪರ್ಶ, ನೋವು, ಬಿಸಿ, ತಂಪು ಇವನ್ನು ಒಳಗೆ ತರುವುದು. ಸಣ್ಣ ಬೇರು ಅಗಿಯುವ ಸ್ನಾಯುಗಳಿಗೆ ಆಜ್ಞೆ ಒಯ್ಯುವುದು. ಸ್ವಲ್ಪ ಮುಂದೆ, ಕಿವಿಯ ಭಾಗವನ್ನು ಒಳಗಿಟ್ಟುಕೊಂಡಿರುವ ಗಟ್ಟಿ ಮೂಳೆಯ ತುದಿಯ ಮೇಲೆ, ದಪ್ಪ ಬೇರು ಅರ್ಧಚಂದ್ರದ ಹಾಗೆ ಅಗಲವಾಗಿ ಹರಡುತ್ತದೆ. ಅದೇ ಈ ನರದ ಗಂಟು, ಅಂದರೆ ಗ್ಯಾಂಗ್ಲಿಯಾನ್. ಮುಖದ ಸಂವೇದನೆಯ ನರಕೋಶಗಳು ಹೆಚ್ಚುಕಮ್ಮಿ ಎಲ್ಲ ಇಲ್ಲೇ ಕೂತಿವೆ. ಇದಕ್ಕೆ ಗಾಸರ್ ಗ್ಯಾಂಗ್ಲಿಯಾನ್ ಅಂತಲೂ ಹೆಸರು. ಗಾಸರ್ ವಿಯೆನ್ನಾದಲ್ಲಿ ಅನಾಟಮಿ ಹೇಳಿಕೊಡುತ್ತಿದ್ದವರು. ಅವರ ಶಿಷ್ಯ ಆಂಟನ್ ಹಿರ್ಷ್ 1765ರಲ್ಲಿ ಗುರುವಿನ ಹೆಸರನ್ನು ಇದಕ್ಕೆ ಇಟ್ಟ. ಪಾಠ ಹೇಳಿದವರ ಹೆಸರು ಹೀಗೆ ಉಳಿದಿದ್ದು ನನಗೆ ತುಂಬ ಇಷ್ಟ.

ಗಂಟಿನಿಂದ ಮೂರು ಕವಲು. ಮೊದಲನೆಯದು ಆಫ್ಥಾಲ್ಮಿಕ್, ಕಣ್ಣಿನ ಗೂಡಿನ ಹಿಂದಿರುವ ಒಂದು ಸೀಳಿನಿಂದ ಒಳಗೆ ನುಗ್ಗುತ್ತದೆ. ಅದರ ದೊಡ್ಡ ಕೊಂಬೆ ಗೂಡಿನ ಚಾವಣಿಯ ಕೆಳಗೆ ಸಾಗಿ ಹುಬ್ಬಿನ ಹತ್ತಿರ ಹೊರಬಂದು ಹಣೆ ದಾಟಿ ನೆತ್ತಿಯವರೆಗೆ ಹೋಗುತ್ತದೆ. ಹುಬ್ಬಿನ ಕೆಳಗೆ, ಮೂಗಿನ ಕಡೆಯಿಂದ ಬೆರಳನ್ನು ಮೆಲ್ಲಗೆ ಸರಿಸುತ್ತಾ ಹೋಗಿ, ಮೂಳೆಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಸಿಗಬಹುದು. ಒತ್ತಿದರೆ ಒಂಥರಾ ಚುಳಕ್ ಅನ್ನುತ್ತದೆ. ಅಲ್ಲೇ ನರ ಹೊರಗೆ ಬರುವುದು.

ಇದೇ ಕವಲಿನ ಇನ್ನೊಂದು ಕೊಂಬೆ ನೇಸೋಸಿಲಿಯರಿ. ಕಣ್ಣಿನ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಇದರ ವಶದಲ್ಲಿದೆ. ಮೂಗಿನ ತುದಿಯೂ ಇದರದ್ದೇ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಕಣ್ಣು ಉಳಿಸುವ ವಿಷಯ. ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಸ್ ಪೂರ್ತಿ ಹೋಗಿರುವುದಿಲ್ಲ, ನರದ ಗಂಟುಗಳಲ್ಲಿ ಅಡಗಿ ಕೂತಿರುತ್ತದೆ, ಎಷ್ಟೋ ವರ್ಷದ ಮೇಲೆ ಮೈ ಬಲ ಕುಗ್ಗಿದಾಗ ಸರ್ಪಸುತ್ತಾಗಿ ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಹಣೆಯ ಒಂದೇ ಪಕ್ಕದಲ್ಲಿ ಗುಳ್ಳೆ ಎದ್ದಿದ್ದು, ಮೂಗಿನ ತುದಿಯಲ್ಲೂ ಗುಳ್ಳೆ ಕಂಡರೆ ವೈರಸ್ ಆ ಕೊಂಬೆಯನ್ನು ಹಿಡಿದಿದೆ ಅಂತ ಅರ್ಥ. ಕಣ್ಣಿಗೂ ಬರುವ ಅಪಾಯ ಜಾಸ್ತಿ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದವರು ಇಂಗ್ಲೆಂಡಿನ ವೈದ್ಯ ಜೊನಾಥನ್ ಹಚಿನ್‌ಸನ್. ಮೂಗಿನ ಮೇಲೆ ಒಂದು ಗುಳ್ಳೆ ಅಂತ ಸುಮ್ಮನಿರಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಎರಡನೇ ಕವಲು ಮ್ಯಾಕ್ಸಿಲರಿ. ತಲೆಬುರುಡೆಯ ತಳದಲ್ಲಿರುವ ಒಂದು ದುಂಡು ತೂತಿನಿಂದ ಹೊರಬಂದು, ಕಣ್ಣಿನ ಗೂಡಿನ ನೆಲದಲ್ಲಿ ಕಾಲುವೆ ಹಿಡಿದು, ಕಣ್ಣಿನ ಕೆಳಗೆ ಕೆನ್ನೆಗೆ ಇಳಿಯುತ್ತದೆ. ಕೆಳರೆಪ್ಪೆ, ಮೂಗಿನ ಪಕ್ಕ, ಮೇಲ್ತುಟಿ ಇವೆಲ್ಲ ಇದರ ಪಾಲು. ಕೆನ್ನೆಮೂಳೆಗೆ ಪೆಟ್ಟು ಬಿದ್ದು ಗೂಡಿನ ನೆಲ ಬಿರುಕು ಬಿಟ್ಟವರಿಗೆ ಮೇಲ್ತುಟಿ ಮರಗಟ್ಟುವುದು ಇದಕ್ಕೇ. ಆ ಗೂಡಿನ ನೆಲ ಅಂದರೆ ಕೆಳಗಿನ ಸೈನಸ್‌ನ, ಅಂದರೆ ಮೇಲ್ದವಡೆ ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳಿನ, ಚಾವಣಿ. ಮೇಲಿನ ಹಲ್ಲುಗಳಿಗೆ ಹೋಗುವ ಸಣ್ಣ ಎಳೆಗಳು ಆ ಸೈನಸ್‌ನ ಗೋಡೆಯಲ್ಲೇ ಹಾದು ಬರುತ್ತವೆ. ನೆಗಡಿ ಕಟ್ಟಿಕೊಂಡು ಸೈನಸ್ ಊದಿದಾಗ ಮೇಲಿನ ನಾಲ್ಕೈದು ಹಲ್ಲು ಒಟ್ಟಿಗೆ ನೋಯುತ್ತವೆ, ಬಗ್ಗಿದರೆ ಇನ್ನೂ ಜಾಸ್ತಿ. ಹಲ್ಲು ಗಟ್ಟಿಮುಟ್ಟಾಗಿರುತ್ತದೆ. ಅಂಥವರನ್ನು ನಾನು ಹಲ್ಲು ಮುಟ್ಟದೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕಳಿಸುತ್ತೇನೆ.

ಮೇಲಿನ ದವಡೆಯ ಮೂಳೆ ತೆಳು, ಸಣ್ಣ ಸಣ್ಣ ರಂಧ್ರ ಜಾಸ್ತಿ. ಹಲ್ಲಿನ ಪಕ್ಕದ ವಸಡಿಗೆ ಔಷಧಿ ಬಿಟ್ಟರೆ ಸಾಕು, ಮೂಳೆಯೊಳಗೆ ಇಂಗಿಕೊಂಡು ಬೇರಿನ ತುದಿ ಮುಟ್ಟುತ್ತದೆ. ಅಂಗುಳಕ್ಕೆ ಮಾತ್ರ ಬೇರೆ ಎಳೆ, ಬೇರೆ ಚುಚ್ಚು. ಅದು ನೋಯುತ್ತದೆ, ನಿಜ. ಅಲ್ಲಿ ಚರ್ಮ ಮೂಳೆಗೆ ಅಂಟಿಕೊಂಡಿದೆ, ಔಷಧಿಗೆ ಜಾಗವೇ ಇಲ್ಲ.

ಕೆಳದವಡೆಯ ಹಿಂದಿನ ಭಾಗದಲ್ಲಿ ಆ ಉಪಾಯ ನಡೆಯುವುದಿಲ್ಲ. ಮೂಳೆ ಕಲ್ಲಿನಂತೆ ಗಟ್ಟಿ. ಹಲ್ಲಿನ ಪಕ್ಕ ಎಷ್ಟು ಬಿಟ್ಟರೂ ಒಳಗೆ ಸರಿಯಾಗಿ ಇಳಿಯದು. ಹಾಗಾಗಿ ನರ ಮೂಳೆಯೊಳಗೆ ಹೊಕ್ಕುವ ಮುಂಚೆಯೇ ಅದನ್ನು ಹಿಡಿಯಬೇಕು.

ಮೂರನೇ ಕವಲು ಮ್ಯಾಂಡಿಬ್ಯುಲರ್. ಮೊಟ್ಟೆಯಾಕಾರದ ತೂತಿನಿಂದ ನೇರ ಕೆಳಗಿಳಿಯುತ್ತದೆ. ಸ್ನಾಯುಗಳಿಗೆ ಹೋಗುವ ಆ ಸಣ್ಣ ಬೇರು ಕೂಡಿಕೊಳ್ಳುವುದು ಇದರ ಜೊತೆಗೆ ಮಾತ್ರ. ಕಿವಿಯ ಮುಂದೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಕಣತಲೆಯಲ್ಲಿ ಮತ್ತು ದವಡೆಯ ಮೂಲೆಯಲ್ಲಿ ಉಬ್ಬುವ ಸ್ನಾಯು ಸಿಗುತ್ತದೆ. ಅದನ್ನು ಬಿಗಿಸುವುದು ಈ ಕವಲು. ಕಿವಿಯ ಮುಂದಿನ ಜಾಗ, ಕಣತಲೆ, ದವಡೆಯ ಕೀಲು ಇವಕ್ಕೆ ಇನ್ನೊಂದು ಕೊಂಬೆ. ಕೀಲು ನೋಯುವವರು ಕಿವಿ ನೋವು ಅಂತ ಬರುವುದು ಅದಕ್ಕೇ.

ಈಗ ತುಟಿ ಯಾಕೆ ಅಂತ ಮೊನ್ನೆ ಕೇಳಿದವರ ಪ್ರಶ್ನೆ. ದವಡೆ ಮೂಳೆಯ ಹಿಂಬದಿ ಕಿವಿಯ ಕಡೆಗೆ ಮೇಲೆ ಏರುತ್ತದೆಯಲ್ಲ, ಆ ಭಾಗದ ಒಳಮೈಯಲ್ಲಿ, ಹೆಚ್ಚುಕಮ್ಮಿ ನಡುವೆ, ಒಂದು ತೂತಿದೆ. ಇನ್ಫೀರಿಯರ್ ಆಲ್ವಿಯೋಲಾರ್ ನರ ಅಲ್ಲಿಂದ ಮೂಳೆಯೊಳಗೆ ಹೊಕ್ಕು ಸುರಂಗದಲ್ಲಿ ಹಲ್ಲುಗಳ ಬೇರಿನ ಕೆಳಗೆ ಮುಂದೆ ಸಾಗುತ್ತದೆ, ದಾರಿಯುದ್ದಕ್ಕೂ ಒಂದೊಂದು ಹಲ್ಲಿಗೆ ಒಂದೊಂದು ಎಳೆ ಬಿಡುತ್ತಾ. ಕೋರೆಹಲ್ಲಿನ ಹಿಂದಿರುವ ಎರಡು ಸಣ್ಣ ದವಡೆ ಹಲ್ಲುಗಳ ಹತ್ತಿರ ಬಂದಾಗ ಇಬ್ಭಾಗ. ಒಂದು ಪಾಲು ಮೂಳೆಯೊಳಗೇ ಮುಂದಿನ ಹಲ್ಲುಗಳಿಗೆ ಹೋಗುತ್ತದೆ. ಇನ್ನೊಂದು ಪಾಲು, ಮೆಂಟಲ್ ನರ, ಒಂದು ಕಿಂಡಿಯಿಂದ ಹೊರಬಂದು ಕೆಳತುಟಿಗೂ ಗದ್ದಕ್ಕೂ ಹರಡುತ್ತದೆ. ಅಂದರೆ ಹಲ್ಲಿನ ಎಳೆಗಳೂ ತುಟಿಯ ಎಳೆಗಳೂ ಸುರಂಗದ ಬಾಯಿಯಲ್ಲಿ ಒಂದೇ ಕಟ್ಟಾಗಿ ಇರುತ್ತವೆ. ನಾನು ಔಷಧಿ ಬಿಡುವುದು ಆ ಬಾಯಿಯ ಹತ್ತಿರ. ಅಲ್ಲಿ ತಡೆದರೆ ದಾರಿಯುದ್ದದ ಹಲ್ಲುಗಳೆಲ್ಲ ಮರಗಟ್ಟುತ್ತವೆ, ಕೊನೆಗೆ ತುಟಿಯೂ. ತುಟಿ ಮರಗಟ್ಟಿತು ಅಂದರೆ ಔಷಧಿ ಸರಿಯಾದ ಜಾಗಕ್ಕೆ ಬಿದ್ದಿದೆ ಅಂತ ನನಗೆ ಧೈರ್ಯ. ಪೂರ್ತಿ ಗ್ಯಾರಂಟಿ ಅಲ್ಲ, ಕೆಲವರಿಗೆ ತುಟಿ ಮರಗಟ್ಟಿದರೂ ಹಲ್ಲು ನೋಯುವುದುಂಟು, ಅದಕ್ಕೇ ಹಲ್ಲನ್ನೂ ಮುಟ್ಟಿ ನೋಡಿಯೇ ಶುರು ಮಾಡುವುದು.

ನಾಲಿಗೆಯ ಅರ್ಧ ಯಾಕೆ ಮರಗಟ್ಟುತ್ತೆ ಅಂತಲೂ ಕೇಳುತ್ತಾರೆ. ಲಿಂಗ್ವಲ್ ನರ ಅಲ್ಲೇ ಪಕ್ಕದಲ್ಲಿ, ಸ್ವಲ್ಪ ಮುಂದೆ ಇಳಿಯುತ್ತಿರುತ್ತದೆ, ಔಷಧಿ ಅದಕ್ಕೂ ತಾಗುತ್ತದೆ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗಕ್ಕೆ ಸ್ಪರ್ಶ ಇದರದ್ದು. ರುಚಿ ಮಾತ್ರ ಇದರದ್ದಲ್ಲ. ಏಳನೇ ನರದಿಂದ ಬಂದ ಕಾರ್ಡಾ ಟಿಂಪನಿ ಅನ್ನುವ ಎಳೆ ಕಿವಿಯೊಳಗಿಂದ ಹಾದು ಬಂದು ಇದರ ಜೊತೆ ಸೇರಿಕೊಳ್ಳುತ್ತದೆ, ರುಚಿ ಒಯ್ಯುವುದು ಅದು. ಇನ್ನು ಹಿಂದಿನ ಹಲ್ಲಿನ ಕೆನ್ನೆ ಕಡೆಯ ವಸಡಿಗೆ ಬೇರೊಂದು ಕೊಂಬೆ, ಅದು ಸುರಂಗದೊಳಗೆ ಹೋಗುವುದೇ ಇಲ್ಲ. ಹಾಗಾಗಿ ಅಲ್ಲಿಗೆ ಇನ್ನೊಂದು ಪುಟ್ಟ ಚುಚ್ಚು.

ಮುಖವನ್ನು ಮುಟ್ಟಿದ್ದು ಟ್ರೈಜೆಮಿನಲ್ ನರಕ್ಕೆ ತಿಳಿಯುತ್ತದೆ, ಆದರೆ ಅದು ಮುಖವನ್ನು ಆಡಿಸುವುದಿಲ್ಲ. ನಗುವುದು, ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು ಏಳನೇ ನರದ ಕೆಲಸ. ಕಲಿಯುವ ದಿನಗಳಲ್ಲಿ ಒಂದು ಸಲ ಒಬ್ಬ ಹೆಂಗಸಿಗೆ ಚುಚ್ಚುವಾಗ ನನ್ನ ಸೂಜಿ ಬೇಕಾದ್ದಕ್ಕಿಂತ ಹಿಂದೆ ಹೋಯಿತು. ಅಲ್ಲಿ ಮೂಳೆ ತಾಗಲಿಲ್ಲ. ತಾಗದಿದ್ದರೆ ಔಷಧಿ ಬಿಡಬಾರದು ಅನ್ನುವುದು ನಿಯಮ, ನಾನು ಬಿಟ್ಟೆ. ಅಲ್ಲಿರುವುದು ಪರೋಟಿಡ್ ಅನ್ನುವ ಜೊಲ್ಲಿನ ಗ್ರಂಥಿ, ಅದರೊಳಗೆ ಹಾದು ಹೋಗುವುದು ಏಳನೇ ನರ. ಸ್ವಲ್ಪ ಹೊತ್ತಿಗೆ ಆಕೆಯ ಬಾಯಿ ಒಂದು ಕಡೆ ಸೊಟ್ಟಗಾಯಿತು, ಒಂದು ರೆಪ್ಪೆ ಮುಚ್ಚಲಿಲ್ಲ. ತುಟಿ ಮರಗಟ್ಟಿಯೇ ಇರಲಿಲ್ಲ. ಆಕೆ ಹೆದರಿದ್ದರು, ನಾನೂ ಹೆದರಿದ್ದೆ. ಕಣ್ಣು ಒಣಗದ ಹಾಗೆ ಪ್ಯಾಡ್ ಹಾಕಿ, ಪಕ್ಕದಲ್ಲೇ ಕೂತು, ಔಷಧಿ ಇಳಿಯುವವರೆಗೆ ಕಾದೆವು. ಕೆಲವು ಗಂಟೆಗಳಲ್ಲಿ ಎಲ್ಲ ಸರಿಹೋಯಿತು. ಈಗ ಸೂಜಿ ತುದಿಗೆ ಮೂಳೆ ತಾಗದೆ ಒಂದು ಹನಿಯನ್ನೂ ನಾನು ಬಿಡುವುದಿಲ್ಲ.

ಎರಡೂ ನರಗಳ ಕೆಲಸ ಒಟ್ಟಿಗೆ ನೋಡಬೇಕೆಂದರೆ ಕಾರ್ನಿಯಾ ಪರೀಕ್ಷೆ ನೋಡಿ. ಹತ್ತಿಯ ಎಳೆಯನ್ನು ಕಾರ್ನಿಯಾಕ್ಕೆ ಸೋಕಿಸಿದರೆ ಎರಡೂ ಕಣ್ಣು ತಟಕ್ಕನೆ ಮುಚ್ಚುತ್ತವೆ. ಸೋಕಿದ ಸುದ್ದಿ ಒಯ್ದದ್ದು ಐದನೆಯದು, ರೆಪ್ಪೆ ಮುಚ್ಚಿಸಿದ್ದು ಏಳನೆಯದು. ಇದನ್ನು ಮನೆಯಲ್ಲಿ ಮಾಡಬೇಡಿ, ಡಾಕ್ಟರು ಮಾಡುವಾಗ ನೋಡಿ.

ಇಷ್ಟು ದೊಡ್ಡ ನರವಾದರೂ ಇಡೀ ಮುಖ ಇದರದ್ದಲ್ಲ. ದವಡೆಯ ಮೂಲೆಯ ಮೇಲಿನ ಚರ್ಮ ಕುತ್ತಿಗೆಯಿಂದ ಬರುವ ನರದ ಪಾಲು. ಅರ್ಧ ಮುಖ ಮರಗಟ್ಟಿದೆ ಅಂತ ಬಂದವರನ್ನು ಪರೀಕ್ಷಿಸುವಾಗ ಆ ಮೂಲೆಯನ್ನು ಮುಟ್ಟಿ ನೋಡುವುದು ಇದಕ್ಕಾಗಿಯೇ.

ಇದೆಲ್ಲ ಯಾಕೆ ಮುಖ್ಯ ಅಂತ ನನಗೆ ಅರ್ಥವಾಗಿದ್ದು ಒಬ್ಬ ಹಿರಿಯ ಹೆಂಗಸಿನಿಂದ. ಕೆಳಗಿನ ಹಲ್ಲು ಕೀಳಿ ಅಂತ ಬಂದಿದ್ದರು. ಆಗಲೇ ಬೇರೆ ಕಡೆ ಅದೇ ಪಕ್ಕದ ಎರಡು ಹಲ್ಲು ಕೀಳಿಸಿದ್ದರು, ನೋವು ಹೋಗಿರಲಿಲ್ಲ. ಎಲ್ಲಿ ನೋವು ಅಂದರೆ ಬೆರಳನ್ನು ಮುಖದ ಹತ್ತಿರ ತಂದು ಗಾಳಿಯಲ್ಲೇ ತೋರಿಸಿದರು, ಮುಟ್ಟಲಿಲ್ಲ. ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ, ಕೆಲವೇ ಸೆಕೆಂಡು, ಆಮೇಲೆ ಏನೂ ಇಲ್ಲ. ಮುಖ ತೊಳೆಯಲು ಭಯ, ಹಲ್ಲುಜ್ಜಲು ಭಯ. ಹಲ್ಲು ನೋವು ಹೀಗೆ ಬಂದು ಹೀಗೆ ಹೋಗುವುದಿಲ್ಲ. ತಟ್ಟಿ ನೋಡಿದೆ, ಎಕ್ಸ್‌ರೇ ತೆಗೆದೆ, ಹಲ್ಲು ಚೆನ್ನಾಗಿತ್ತು.

ಅದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ತೊಂದರೆ ಹಲ್ಲಿನಲ್ಲಿ ಅಲ್ಲ, ದಾರಿಯ ಇನ್ನೊಂದು ತುದಿಯಲ್ಲಿ. ಹೆಚ್ಚಿನವರಲ್ಲಿ, ನರ ಪಾನ್ಸ್ ಸೇರುವ ಜಾಗದ ಹತ್ತಿರ ಒಂದು ರಕ್ತನಾಳ ಅದರ ಮೇಲೆ ಒರಗಿಕೊಂಡು ಮಿಡಿಯುತ್ತಿರುತ್ತದೆ. ವರ್ಷಗಟ್ಟಲೆ ಉಜ್ಜಿ ನರದ ಹೊದಿಕೆ ಸವೆಯುತ್ತದೆ, ಸಣ್ಣ ಸ್ಪರ್ಶವೂ ನೋವಿನ ಎಳೆಗಳಿಗೆ ಹಾರುತ್ತದೆ. ಮೆದುಳಿಗೆ ಮಾತ್ರ ಅದು ದವಡೆಯಿಂದ ಬಂದ ಸುದ್ದಿ. ಇದಕ್ಕೆ ಮೊದಲು ಕೊಡುವ ಮಾತ್ರೆ ಕಾರ್ಬಮಜೆಪಿನ್, ಫಿಟ್ಸ್‌ಗೂ ಕೊಡುವ ಔಷಧಿ. ಮಾಮೂಲಿ ನೋವಿನ ಮಾತ್ರೆ ಕೆಲಸ ಮಾಡುವುದಿಲ್ಲ. ಮಾತ್ರೆ ಸಾಲದವರಿಗೆ ಕಿವಿಯ ಹಿಂದಿನ ಮೂಳೆ ತೆರೆದು, ನರಕ್ಕೂ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ತುಣುಕಿಟ್ಟು ಬೇರ್ಪಡಿಸುವ ಶಸ್ತ್ರಚಿಕಿತ್ಸೆ ಇದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಪೀಟರ್ ಜನೆಟ್ಟಾ ಇದನ್ನು ಬೆಳೆಸಿದರು.

ಆಕೆಗೆ ಕಾಗದದ ಮೇಲೆ ಮುಖ ಬರೆದು, ಮೆದುಳಿನಿಂದ ತುಟಿಯವರೆಗೆ ಒಂದು ಗೆರೆ ಎಳೆದು ತೋರಿಸಿದೆ. "ಹಾಗಾದ್ರೆ ಹಲ್ಲಿನ ತಪ್ಪೇನೂ ಇಲ್ವಾ?" ಅಂದರು. ಇಲ್ಲ ಅಂದೆ. ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ. ಮಾತ್ರೆ ಶುರುವಾಗಿ ಕೆಲವು ದಿನಗಳ ಮೇಲೆ ಮತ್ತೆ ಬಂದರು, ಕೆನ್ನೆ ಮೇಲೆ ಅಂಗೈ ಇಟ್ಟುಕೊಂಡು ತೋರಿಸಿದರು. ನಾನು ಕೀಳದೆ ಬಿಟ್ಟ ಹಲ್ಲು ಈಗಲೂ ಅವರ ಬಾಯಲ್ಲೇ ಇದೆ.