ನಂಬರು ಎಲ್ಲಿ?

"ಕಥೆ ಚೆನ್ನಾಗಿದೆ. ನಂಬರು ಎಲ್ಲಿ?"

ಮಂಗಳವಾರ ರಾತ್ರಿ ಅಪ್ಪ ಕೇಳಿದ್ದು. ಇವತ್ತು ಭಾನುವಾರ, ಇನ್ನೂ ತಲೆಯಿಂದ ಇಳಿದಿಲ್ಲ. ಹಾಲು ಉಕ್ಕುವಾಗಲೂ ಅದೇ ದನಿ, ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದೇ.

ಅಪ್ಪನಿಗೆ ಗ್ಲಾಕೋಮಾ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನು ಓದಿದ ಕಣ್ಣಿಗೆ ಈಗ ಪೇಪರಿನ ತಲೆಬರಹವೂ ಕಷ್ಟ. ಊಟವಾದ ಮೇಲೆ ನಾನು ಓದುತ್ತೇನೆ, ಅವರು ಕೇಳುತ್ತಾರೆ. ಇದಕ್ಕೊಂದು ಅನುಕೂಲವಾಗಲಿ ಎಂದು ರಜೆಗೆ ಬಂದಿದ್ದ ಅಕ್ಕನ ಮಗ ಅವರ ಫೋನಿಗೆ ದೇಶವಿದೇಶದ ಗ್ರಂಥಾಲಯಗಳ ಪಾಡ್‌ಕಾಸ್ಟು, ಬ್ಲಾಗು ಎಲ್ಲ ತುಂಬಿಸಿಕೊಟ್ಟು ಹೋದ. ಒಳ್ಳೆಯ ಹುಡುಗ. ಆದರೆ ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಜಾತಿಯವನು, ಅಪ್ಪನ ಫೋನಿಗೂ ಅದೇ ವೇಗ ಇಟ್ಟಿದ್ದ. ಈ ಬಿಳಿಯರೆಲ್ಲ ಯಾಕಿಷ್ಟು ಗಾಬರಿಯಲ್ಲಿ ಮಾತಾಡ್ತಾರೆ ಎಂದು ಅಪ್ಪ ಒಂದು ವಾರ ಯೋಚಿಸಿದರಂತೆ.

ವೇಗ ಸರಿಮಾಡಿಕೊಟ್ಟ ಮೇಲೂ ಪಾಡ್‌ಕಾಸ್ಟು ಅವರಿಗೆ ಹಿಡಿಸಲಿಲ್ಲ. "ನಗೋದಕ್ಕೇ ಐದು ನಿಮಿಷ, ವಿಷಯಕ್ಕೆ ಯಾವಾಗ ಬರ್ತಾರೆ? ನಾಲ್ಕನೇ ಸೂತ್ರ ಗೊತ್ತಿಲ್ಲವಾ ಇವರಿಗೆ?" ನಮ್ಮ ಮನೆಯಲ್ಲಿ ಸೂತ್ರ ಅಂದರೆ ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರ ಪಂಚಸೂತ್ರ. 1931ರವು. ನಾಲ್ಕನೆಯದು ಓದುಗನ ಸಮಯ ಉಳಿಸು ಅನ್ನುತ್ತದೆ. ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡದ್ದು 1972ರಲ್ಲಿ, ಅಪ್ಪ ಕೆಲಸಕ್ಕೆ ಸೇರಿದ್ದು 1974ರಲ್ಲಿ. ಆ ಎರಡು ವರ್ಷ ತಪ್ಪಿದ್ದನ್ನು ಅವರು ಮದುವೆ ತಪ್ಪಿದವರ ಹಾಗೆ ಹೇಳಿಕೊಳ್ಳುತ್ತಾರೆ. ರಂಗನಾಥನ್ ಜನ್ಮದಿನವೆಂದು ಆಚರಿಸುವ ಆಗಸ್ಟ್ 12ಕ್ಕೆ ಈಗಲೂ ಅವರ ಫೋಟೋಕ್ಕೆ ಹಾರ ಬೀಳುತ್ತದೆ.

ಒಂದು ಮಾತ್ರ ಪೂರ್ತಿ ಕೇಳಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ 2000ದಲ್ಲಿ ದಕ್ಷಿಣ ಏಷ್ಯಾದ ಲೇಖಕರ ದನಿಯನ್ನು ಮುದ್ರಿಸಿಡಲು ಶುರುಮಾಡಿತ್ತು. ಅದರಲ್ಲಿ ಕಂಬಾರರ ದನಿ ಇದೆ. ಅಪ್ಪ ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ಅಂದದ್ದು ಇಷ್ಟೇ: "ಪಿ.ಎಲ್. 480 ಕಾನೂನಲ್ಲಿ ನಮಗೆ ಗೋಧಿ ಮಾರಿ, ಆ ದುಡ್ಡಲ್ಲಿ ಕನ್ನಡ ಪುಸ್ತಕ ಒಯ್ದರು. ಈಗ ದನೀನೂ ಒಯ್ದರು. ಇಟ್ಟುಕೊಳ್ಳಲಿ ಬಿಡು, ಅವರು ಜೋಪಾನ ಮಾಡ್ತಾರೆ." ಬೈದರೋ ಹೊಗಳಿದರೋ, ನನಗೆ ಗೊತ್ತಾಗಲಿಲ್ಲ.

ಮಂಗಳವಾರ ನಾನು ಓದಿದ್ದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯವರ 'ಅನ್‌ಟೋಲ್ಡ್ ಲೈವ್ಸ್' ಬ್ಲಾಗು. ಅಲ್ಲಿರುವ ಇಂಡಿಯಾ ಆಫೀಸ್, ಅಂದರೆ ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಇಲಾಖೆಯ, ದಾಖಲೆಗಳ ಕಟ್ಟುಗಳಿಂದ ಹೆಸರಿಲ್ಲದವರ ಬದುಕನ್ನು ಹೆಕ್ಕಿ ಬರೆಯುತ್ತಾರೆ. ಅವತ್ತಿನದು ಗಂಡ ಸತ್ತ ಮೇಲೆ ಪಿಂಚಣಿಗಾಗಿ ಅರ್ಜಿ ಮೇಲೆ ಅರ್ಜಿ ಗೀಚಿದ ಹೆಂಗಸಿನ ಕಥೆ. ಓದಿ ಮುಗಿಸುವ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಅಪ್ಪ ಕೇಳಿದರು:

"ಕಥೆ ಚೆನ್ನಾಗಿದೆ. ನಂಬರು ಎಲ್ಲಿ?"

"ಅಪ್ಪಾ, ಇದು ಬ್ಲಾಗು, ಕಪಾಟಿನಲ್ಲಿ ನಂಬರು ಹಚ್ಚಿಡೋ ಪುಸ್ತಕ ಅಲ್ಲ. ಇದಕ್ಕೆಲ್ಲ ನಂಬರು ಇರಲ್ಲ."

"ಲೈಬ್ರರಿಯವರು ಬರೆದದ್ದು ಅಂದೆಯಲ್ಲ? ಲೈಬ್ರರಿಯವನು ನಂಬರಿಲ್ಲದೆ ಮಾತಾಡಲ್ಲ. ಸರಿಯಾಗಿ ನೋಡು."

ನನಗೆ ರೇಗಿತು. ಒಬ್ಬ ಹೆಂಗಸಿನ ಸಂಕಟ ಓದಿದರೆ ಈ ಮನುಷ್ಯನಿಗೆ ನಂಬರಿನ ಚಿಂತೆ. ಇಲ್ಲ ಅಂತ ತೋರಿಸಿ ಬಾಯಿ ಮುಚ್ಚಿಸೋಣವೆಂದೇ ಪುಟವನ್ನು ಕೆಳಕ್ಕೆ ಎಳೆದೆ. ಕಥೆ ಮುಗಿದ ಜಾಗದಲ್ಲಿ, ಬರೆದವರ ಹೆಸರಿನ ಕೆಳಗೆ, ಹೆಚ್ಚಿನ ಓದಿಗೆ ಎಂದು ಎರಡು ಸಾಲು. ಐ.ಓ.ಆರ್., ಓರೆಗೆರೆ, ಎಲ್, ಓರೆಗೆರೆ, ಎ.ಜಿ., ಓರೆಗೆರೆ, 23, ಆಮೇಲೆ ಇನ್ನಷ್ಟು ಅಂಕಿ. ಇಂಡಿಯಾ ಆಫೀಸ್ ರೆಕಾರ್ಡ್ಸ್‌ನಲ್ಲಿ ಆ ಕಟ್ಟಿನ ನಂಬರು. ಎರಡು ವರ್ಷದಿಂದ ಈ ಬ್ಲಾಗು ಓದುತ್ತಿದ್ದೇನೆ. ಆ ಸಾಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸಿನಿಮಾ ಮುಗಿದು ಹೆಸರುಗಳು ಬರುವಾಗ ಎದ್ದು ಹೋಗುವವರ ಹಾಗೆ ಪ್ರತಿ ಸಲವೂ ಎದ್ದು ಹೋಗಿದ್ದೇನೆ.

ಸಣ್ಣ ದನಿಯಲ್ಲಿ ಓದಿ ಹೇಳಿದೆ. ಅಪ್ಪ ಒಂದು ಕ್ಷಣ ತಡೆದು, "ಎ.ಜಿ. ಅಂದರೆ ಅಕೌಂಟೆಂಟ್ ಜನರಲ್ಲು. ಪಿಂಚಣಿ ಅಲ್ಲವಾ, ಅಲ್ಲೇ ಇರಬೇಕು" ಅಂದರು. ಹುಡುಕಿದೆ. ಹೌದು, ಅದು ಅಕೌಂಟೆಂಟ್ ಜನರಲ್ ಇಲಾಖೆಯ ಸರಣಿ. 23 ಅಂದರೆ ಪಿಂಚಣಿ, ಕುಟುಂಬಗಳ ದಾಖಲೆ. ನಿವೃತ್ತ ಸರ್ಕಾರಿ ನೌಕರನಿಗೆ ಎ.ಜಿ. ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ, ನಿಜ. ಆದರೆ ನನಗೆ ಬರೀ ಗೆರೆ ಅಂಕಿಯಾಗಿ ಕಂಡದ್ದು ಅವರಿಗೆ ವಾಕ್ಯವಾಗಿ ಕೇಳಿಸಿತ್ತು. ಅಷ್ಟೇ ಅಲ್ಲ, "ಆ ಕಟ್ಟಿನಲ್ಲಿ ಅವಳೊಬ್ಬಳೇ ಇರಲ್ಲ. ಅವಳ ಹಿಂದೆ ಮುಂದೆ ಸಾಲಾಗಿ ಎಷ್ಟು ಜನ ಕೂತಿರ್ತಾರೋ" ಅಂದರು.

ಆಮೇಲೆ ಒರಗಿಕೊಂಡು ಪಾಠ ಶುರು. ಮೊದಲು ಕೊನೆ ನೋಡು. ನಂಬರಿದ್ದರೆ ಕಥೆ ಓದು, ಇಲ್ಲದಿದ್ದರೆ ಅದು ಹರಟೆ. ಪಾಡ್‌ಕಾಸ್ಟಿನಲ್ಲಿ ಕಿವಿಗೆ ನಂಬರು ಬೀಳಲ್ಲ, ಹಾಗಾಗಿ ಕೆಳಗೆ ಬರೆದಿದ್ದಾರಾ ನೋಡಿಕೋ. ಪಾಡ್‌ಕಾಸ್ಟು ಅನ್ನುವ ಪದವನ್ನು ಅವರು ಈಚೆಗಷ್ಟೇ ಕಲಿತದ್ದು ಎಂಬುದನ್ನು ಇಲ್ಲಿ ಹೇಳಬೇಕು. ನಾನು ಮೂರು ವರ್ಷದಿಂದ ಅಡುಗೆಮನೆಯಲ್ಲಿ ಕೇಳುತ್ತಿದ್ದೇನೆ. ಕೇಳಿದ್ದರಲ್ಲಿ ಯಾವುದನ್ನಾದರೂ ಹಿಡಿದು ಮುಂದಿನ ಬಾಗಿಲು ತಟ್ಟಿದ್ದೇನೆಯೇ? ಒಂದೂ ನೆನಪಾಗಲಿಲ್ಲ.

ಹಾಗೆಂದು ಗೆಲುವೆಲ್ಲ ಅವರಿಗೇ ಬಿಟ್ಟುಕೊಡಲಾರೆ. ಇದೇ ಬ್ರಿಟಿಷ್ ಲೈಬ್ರರಿಗೆ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ, ಆನ್‌ಲೈನ್ ಕ್ಯಾಟಲಾಗು ಮರಳಿ ಸಿಕ್ಕಲು ಜನವರಿ ಬರಬೇಕಾಯಿತು. ಆಗ ಓದುಗರಿಗೆ ಸುದ್ದಿ ತಿಳಿಸಿದ್ದು ಅವರ ಬ್ಲಾಗು. ಇದನ್ನು ಹೇಳಿದ್ದೇ ತಡ, ಅಪ್ಪ ಕುಣಿದರು. "ನಮ್ಮ ಕ್ಯಾಟಲಾಗು ಕಾರ್ಡಿಗೆ ವೈರಸ್ ಹಿಡಿಯುತ್ತಾ, ಹೇಳು?"

"ಗೆದ್ದಲು ಹಿಡಿಯುತ್ತೆ" ಅಂದೆ.

ಮಾತಾಡಲಿಲ್ಲ. ಅವರ ಕಾಲದಲ್ಲೇ ಕಾರ್ಡುಗಳ ಒಂದಿಡೀ ಡ್ರಾಯರು ಮಣ್ಣಾಗಿತ್ತು. ಅದನ್ನು ಎತ್ತಬಾರದಿತ್ತು.

ಉಳಿದ ಕಾರ್ಡುಗಳನ್ನೂ ಮುಂದೆ ರದ್ದಿಗೆ ಹಾಕಿದಾಗ ಅಪ್ಪ ಎರಡು ಚೀಲ ಮನೆಗೆ ತಂದಿದ್ದರು. ನಮ್ಮ ಮನೆಯ ದಿನಸಿ ಚೀಟಿ ಇವತ್ತಿಗೂ ಅವುಗಳ ಬೆನ್ನ ಮೇಲೆಯೇ. ಬುಧವಾರ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಅಂಥದ್ದೇ ಒಂದು ಕಾರ್ಡು. ತೊಗರಿಬೇಳೆ, ಧನಿಯಾ, ಹುಣಸೆಹಣ್ಣು ಎಂಬ ನನ್ನ ಅಕ್ಷರದ ಕೆಳಗೆ ಪೆನ್ಸಿಲಿನಲ್ಲಿ ದಪ್ಪದಪ್ಪಗೆ, ಸಾಲು ಏರಿ ಇಳಿದು, ಐ.ಓ.ಆರ್. ನಂಬರು. ಕಾಣದ ಕಣ್ಣಲ್ಲಿ ರಾತ್ರಿ ಎದ್ದು ಬರೆದಿದ್ದರು. ಲಂಡನ್ನಿಗೆ ಹೋಗುವವರಂತೂ ಅಲ್ಲ. ಆ ಕಟ್ಟು ಆನ್‌ಲೈನಿಗೆ ಬಂದಂತೆಯೂ ಕಾಣಲಿಲ್ಲ. ಕೊಲ್ಲಿ ದೇಶಗಳಿಗೆ ಸಂಬಂಧಿಸಿದ ಇಂಡಿಯಾ ಆಫೀಸ್ ಕಾಗದಗಳನ್ನು ಕತಾರಿನವರು ದುಡ್ಡು ಹಾಕಿ 2014ರಿಂದ ಎಲ್ಲರಿಗೂ ಸಿಗುವಂತೆ ಮಾಡಿದ್ದಾರೆ. ಪಿಂಚಣಿಗೆ ಅಲೆದ ಹೆಂಗಸಿಗೆ ದುಡ್ಡು ಹಾಕುವವರು ಯಾರು?

ಇವತ್ತು ಬೆಳಿಗ್ಗೆ ಅಕ್ಕನ ಮಗ ಫೋನು ಮಾಡಿದ್ದ. "ತಾತ, ಈಗೆಲ್ಲ ನಂಬರು ಯಾರೂ ನೋಡಲ್ಲ, ಸರ್ಚ್ ಕೊಟ್ಟರೆ ಬರುತ್ತೆ" ಎಂದು ಅವನು ವಾದಿಸುತ್ತಿದ್ದರೆ, ಅಪ್ಪ "ಬರ್ಕೋ" ಅಂದವರೇ ಕಾರ್ಡನ್ನು ಕಣ್ಣಿಗೆ ತಾಗಿಸುವಷ್ಟು ಹತ್ತಿರ ಹಿಡಿದು, ಓರೆಗೆರೆ ಒಂದನ್ನೂ ಬಿಡದೆ, ನಿಧಾನವಾಗಿ ಹೇಳಿ ಬರೆಸಿದರು.

"ಏನು ತಾತ ಇದು, ಪಾಸ್‌ವರ್ಡಾ?"

"ಹೂಂ" ಎಂದು ಅಪ್ಪ ಫೋನು ನನ್ನ ಕೈಗಿಟ್ಟು ಕಾಫಿ ಕೇಳಿದರು.