ಆಶಾ ಅಕ್ಕನ ಮೊಬೈಲ್ ಮತ್ತು ಕೂಸಿನ ಉಸಿರೆಣಿಕೆ

ಕೆಮ್ಮು, ನೆಗಡಿ ಇರುವ ಕೂಸನ್ನು ನೋಡುವಾಗ ಅದರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು ಎಂಬುದು ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಕೇಳಲು ಸುಲಭವಾದ ಈ ಪಾಠವೇ ಹಳ್ಳಿಯ ಮನೆಯೊಳಗೆ ಮೊದಲು ತಪ್ಪುತ್ತದೆ. ಕೂಸು ಚಡಪಡಿಸುತ್ತಿರುತ್ತದೆ, ಸುತ್ತ ನಿಂತ ನಾಲ್ಕು ಜನ ಮಾತಾಡುತ್ತಿರುತ್ತಾರೆ, ಇನ್ನೂ ಮೂರು ಮನೆ ಬಾಕಿ ಇರುತ್ತವೆ. ಇಪ್ಪತ್ತು ಸೆಕೆಂಡು ಎಣಿಸಿ ಮೂರರಿಂದ ಗುಣಿಸಿಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆಯ ತರಬೇತಿಗಳಲ್ಲಿ ಆಗಾಗ ನೆರವಾಗುತ್ತ ಬಂದಿರುವ ನನಗೆ, ಕೂಸಿನ ಕಾಯಿಲೆ ಪರೀಕ್ಷಿಸಲು ಕಾರ್ಯಕರ್ತೆಯರಿಗೆ ದಾರಿ ತೋರುವ ಮೊಬೈಲ್ ಆ್ಯಪ್‌ಗಳ ಬಗ್ಗೆ ವೇದಿಕೆಯ ಮೇಲೆ ಕೇಳಿಬರುವ ದೊಡ್ಡ ಮಾತುಗಳಿಗಿಂತ ಈ ಒಂದು ನಿಮಿಷವನ್ನು ಅವು ಉಳಿಸಿಕೊಡುತ್ತವೆಯೇ ಎಂಬ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ.

ಇಂಥ ಆ್ಯಪ್‌ಗಳ ಒಳಗಿರುವ ತಿಳಿವಳಿಕೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ, ಮಕ್ಕಳ ಕಾಯಿಲೆಗಳನ್ನು ಗುರುತಿಸಿ ನಿಭಾಯಿಸುವ ಕ್ರಮವನ್ನು ಭಾರತವು ನವಜಾತ ಶಿಶುಗಳನ್ನೂ ಸೇರಿಸಿಕೊಂಡು ಐಎಂಎನ್‌ಸಿಐ ಎಂಬ ಹೆಸರಿನಲ್ಲಿ ಅಳವಡಿಸಿಕೊಂಡಿತು. ಅದರ ಪಟ್ಟಿಯಲ್ಲಿ ಮೂರು ಬಣ್ಣಗಳಿವೆ: ಗುಲಾಬಿ ಎಂದರೆ ಕೂಡಲೇ ದೊಡ್ಡ ಆಸ್ಪತ್ರೆಗೆ, ಹಳದಿ ಎಂದರೆ ಹತ್ತಿರದ ಕೇಂದ್ರದಲ್ಲೇ ಔಷಧ, ಹಸಿರು ಎಂದರೆ ಮನೆಯಲ್ಲೇ ಆರೈಕೆ. ಎರಡು ತಿಂಗಳು ತುಂಬದ ಶಿಶು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ ಅದು ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ ಈ ಮಿತಿ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40. ಹಾಗಾಗಿ ನಿಮಿಷಕ್ಕೆ 45 ಎಂಬ ಒಂದೇ ಎಣಿಕೆ ಹನ್ನೊಂದು ತಿಂಗಳ ಕೂಸಿನಲ್ಲಿ ಸಹಜ, ಹದಿಮೂರು ತಿಂಗಳ ಕೂಸಿನಲ್ಲಿ ನ್ಯುಮೋನಿಯಾದ ಗುರುತು. ಮೊಬೈಲ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ. ನಮ್ಮ ಕಡೆ ಹುಟ್ಟಿದ ದಿನ ಕೇಳಿದರೆ "ಎಳ್ಳಮಾಸಿ ಆದ ಎಂಟ್ ದಿನಕ್ಕ ಹುಟ್ಟ್ಯಾದ ಅಕ್ಕಾ" ಎಂಬ ಉತ್ತರ ಬರುವುದು ಇಂದಿಗೂ ಉಂಟು. ತಾಯಿ ಕಾರ್ಡ್ ನೋಡಿ ತಾರೀಖು ಒತ್ತಿದರೆ ವಯಸ್ಸಿನ ಲೆಕ್ಕವನ್ನೂ ಅದಕ್ಕೆ ತಕ್ಕ ಮಿತಿಯನ್ನೂ ಫೋನೇ ನೋಡಿಕೊಳ್ಳುತ್ತದೆ. ಕಾರ್ಯಕರ್ತೆಯ ಕಣ್ಣು ಕೂಸಿನ ಹೊಟ್ಟೆಯ ಮೇಲೆಯೇ ಇರಬಹುದು.

ಒಳ್ಳೆಯ ಆ್ಯಪ್ ಮಾಡಬೇಕಾದ ಇನ್ನೊಂದು ಕೆಲಸವೆಂದರೆ ಅವಸರಪಡಲು ಬಿಡದಿರುವುದು. ಹಾಲು ಅಥವಾ ನೀರು ಕುಡಿಯುತ್ತದೆಯೇ, ಕುಡಿದದ್ದೆಲ್ಲ ವಾಂತಿಯಾಗುತ್ತದೆಯೇ, ಫಿಟ್ಸ್ ಬಂದಿತ್ತೇ, ಮಂಕಾಗಿ ಎಚ್ಚರ ತಪ್ಪಿದಂತಿದೆಯೇ ಎಂಬ ನಾಲ್ಕು ಅಪಾಯದ ಪ್ರಶ್ನೆಗಳಿಗೆ ಉತ್ತರ ತುಂಬದೆ ಮುಂದಿನ ಪರದೆ ತೆರೆಯಬಾರದು. ಅರವತ್ತು ಸೆಕೆಂಡು ಮುಗಿಯುವ ಮೊದಲೇ ಎಣಿಕೆ ಬರೆಯಲು ಜಾಗ ಕೊಡಬಾರದು. ಎಳೆ ಶಿಶುಗಳ ಉಸಿರು ಒಂದೇ ಸಮನಾಗಿರುವುದಿಲ್ಲ, ನಡುನಡುವೆ ನಿಂತು ಮತ್ತೆ ಓಡುತ್ತದೆ. ಅದಕ್ಕಾಗಿಯೇ ಎರಡು ತಿಂಗಳೊಳಗಿನ ಶಿಶುವಿನಲ್ಲಿ ಎಣಿಕೆ 60 ಮುಟ್ಟಿದರೆ ಇನ್ನೊಮ್ಮೆ ಎಣಿಸಬೇಕೆಂಬ ನಿಯಮವಿದೆ. ಕೆಲವೇ ಉಸಿರುಗಳಿಗೆ ಬೆರಳೊತ್ತಿದರೆ ಸಾಕು, ಉಳಿದದ್ದನ್ನು ಫೋನ್ ಊಹಿಸುತ್ತದೆ ಎನ್ನುವ ಆ್ಯಪ್‌ಗಳೂ ಬಂದಿವೆ. ಎಳೆ ಶಿಶುವಿನ ವಿಷಯದಲ್ಲಿ ನನಗೆ ಅವುಗಳ ಮೇಲೆ ಅಷ್ಟು ಭರವಸೆ ಇಲ್ಲ.

ಒಬ್ಬ ಹಿರಿಯ ಆಶಾ ಕಾರ್ಯಕರ್ತೆ ಎಣಿಸುವ ರೀತಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರು ಮನೆಗೆ ಹೋದ ಕೂಡಲೇ ಕೂಸನ್ನು ಮುಟ್ಟುವುದಿಲ್ಲ. ತಾಯಿಯ ತೊಡೆಯ ಮೇಲೆ ಅದು ಸುಮ್ಮನಾಗುವವರೆಗೆ ಮಳೆ, ತೊಗರಿ, ಕೂಲಿ ಎಂದು ಮಾತಾಡುತ್ತ ಕೂರುತ್ತಾರೆ; ಆಮೇಲೆ ಅಂಗಿಯನ್ನು ಮೆಲ್ಲಗೆ ಎದೆಯವರೆಗೆ ಸರಿಸಿ, ಬೆಳಕು ಹೊಟ್ಟೆಯ ಮೇಲೆ ಬೀಳುವಂತೆ ತಾಯಿಯನ್ನು ಬಾಗಿಲ ಕಡೆ ತಿರುಗಿಸಿ, ಫೋನನ್ನು ನೆಲದ ಮೇಲಿಟ್ಟು ಎಣಿಸಲು ಶುರು ಮಾಡುತ್ತಾರೆ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದೆಯೇ ಎಂದು ಅದೇ ಹೊತ್ತಿನಲ್ಲಿ ನೋಡಿಕೊಳ್ಳುತ್ತಾರೆ. ಕೂಸು ಸುಮ್ಮನಾಗುವ ತನಕ ಕಾಯುವುದನ್ನು ಯಾವ ಆ್ಯಪ್ ಕೂಡ ಮಾಡಲಾರದು.

ಓದು ಬರಹ ಕಡಿಮೆ ಇರುವವರಿಗಾಗಿ ಸಾಧನ ಮಾಡುವ ಯೋಚನೆಗೆ ಮೊಬೈಲೇ ಬೇಕೆಂದಿರಲಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಮರಳು ಗಡಿಯಾರ ಮತ್ತು ಮಣಿಗಳಿರುವ ಉಸಿರೆಣಿಕೆಯ ಸಾಧನವನ್ನು ರೂಪಿಸಿದ್ದರು: ಹತ್ತು ಉಸಿರಿಗೆ ಒಂದು ಮಣಿ ಸರಿಸುತ್ತ ಹೋಗಿ, ಮರಳು ಇಳಿಯುವ ಮುಂಚೆ ಕೆಂಪು ಮಣಿಗೆ ಬಂದರೆ ನ್ಯುಮೋನಿಯಾ. ಆ ಸರಳತೆಯನ್ನು ಇಂದಿನ ಆ್ಯಪ್ ಮಾಡುವವರು ಮರೆಯಬಾರದು. ಇನ್ನೊಂದು ತುದಿಯಲ್ಲಿ, ತಾಂಜಾನಿಯಾದ ದಾರೆಸ್ಸಲಾಮ್‌ನಲ್ಲಿ ಮಕ್ಕಳ ಚಿಕಿತ್ಸೆಯ ನಿರ್ಧಾರಕ್ಕೆ ನೆರವಾಗುವ ಈಪಾಕ್ಟ್ ಎಂಬ ಆ್ಯಪ್ ಅನ್ನು ಚಿಕಿತ್ಸಾಲಯಗಳಲ್ಲಿ ಬಳಸಿದಾಗ, ಜ್ವರದ ನೂರು ಮಕ್ಕಳಲ್ಲಿ ಸುಮಾರು 11 ಮಕ್ಕಳಿಗೆ ಮಾತ್ರ ಆ್ಯಂಟಿಬಯೋಟಿಕ್ ಕೊಡಲಾಯಿತು, ಅದಕ್ಕಿಂತ ಹಿಂದಿನ ಎಲೆಕ್ಟ್ರಾನಿಕ್ ಮಾರ್ಗಸೂಚಿ ಬಳಸಿದ ಕಡೆ ಸುಮಾರು 30 ಮಕ್ಕಳಿಗೆ ಎಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಆ್ಯಪ್ ಜೊತೆಗೆ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಗೂ ಸ್ಥಳದಲ್ಲೇ ಮಾಡುವ ರಕ್ತ ಪರೀಕ್ಷೆಗಳೂ ಇದ್ದವು ಎಂಬುದನ್ನು ಬಿಟ್ಟು ಈ ಅಂಕಿಯನ್ನು ಹೇಳಬಾರದು.

ನಮ್ಮ ಕಾರ್ಯಕರ್ತೆಯರು ಮೊಬೈಲ್ ಎಂದೊಡನೆ ಮುಖ ಸಪ್ಪಗೆ ಮಾಡುವುದಕ್ಕೆ ಕಾರಣವಿದೆ. ಅವರ ಕೈಗೆ ಬಂದ ಹೆಚ್ಚಿನ ಆ್ಯಪ್‌ಗಳು ಕೇಳುವುದೇ ಹೆಚ್ಚು, ಹೇಳುವುದು ಕಡಿಮೆ. ವಹಿಯಲ್ಲಿ ಬರೆದದ್ದನ್ನೇ ಮತ್ತೆ ಫೋನಿನಲ್ಲಿ ತುಂಬಬೇಕು, ನೆಟ್‌ವರ್ಕ್ ಸಿಗದ ತಾಂಡಾದಿಂದ ಹೊರಬಂದು ರಸ್ತೆ ಬದಿ ನಿಂತು ಕಳಿಸಬೇಕು. ಹೀಗಾದಾಗ ಪರೀಕ್ಷೆ ಮನೆಯಲ್ಲಿ, ಭರ್ತಿ ಮಾಡುವುದು ರಾತ್ರಿ ಊಟದ ನಂತರ. ಆ ಹೊತ್ತಿಗೆ ಆ್ಯಪ್ ಕೊಡುವ ಸಲಹೆಯಿಂದ ಕೂಸಿಗೆ ಏನೂ ಉಪಯೋಗವಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕು, ಉತ್ತರವನ್ನು ಅಲ್ಲಿಯೇ ಕೊಡಬೇಕು, ಅಂಕಿಅಂಶ ಆಮೇಲೆ ತಾನಾಗಿ ಹೋಗಬೇಕು. ಭಾಷೆಯ ಮಾತೂ ಇದೆ: ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ಗುರುಮಠಕಲ್ ಕಡೆ ತೆಲುಗು, ಔರಾದ್ ಕಡೆ ಮರಾಠಿ, ಕಲಬುರಗಿಯ ಓಣಿಗಳಲ್ಲಿ ಉರ್ದು. ತಾಯಿಗೆ ಕೇಳಿಸುವ ಧ್ವನಿಮುದ್ರಿತ ಸಲಹೆ ಅವಳ ಮಾತಿನಲ್ಲೇ ಇರಬೇಕು. ಬೇಧಿಗೆ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆಯನ್ನು 14 ದಿನ ಕೊಡಬೇಕು, ಬೇಧಿ ನಿಂತ ಮೇಲೂ ಬಿಡಬಾರದು ಎಂಬುದನ್ನು ಹಾಗೆ ಕೇಳಿದ ತಾಯಿಗೆ ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಪರದೆ ಗುಲಾಬಿಯಾದ ಮೇಲೆ ಏನು ಎಂಬುದು ನಮ್ಮ ಜಿಲ್ಲೆಗಳ ದೊಡ್ಡ ಪ್ರಶ್ನೆ. ಗಡಿಯ ತಾಂಡಾದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಕಲಬುರಗಿಗೆ ಹೋಗುವ ಹೊತ್ತು ಸಣ್ಣದಲ್ಲ. ಹೊರಡುವ ಮುಂಚಿನ ಮೊದಲ ಡೋಸ್ ಔಷಧ, ದಾರಿಯಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಎದೆಹಾಲು, ಶಿಶುವನ್ನು ತಾಯಿಯ ಮೈಗೆ ಮೈ ತಾಗಿಸಿ ಬೆಚ್ಚಗಿಡುವುದು, ಇವು ಆ ಪರದೆಯ ಮೇಲೆ ದೊಡ್ಡದಾಗಿ ಕಾಣಬೇಕು. ಕಳಿಸಿದ ಕೂಸಿಗೆ ಅಲ್ಲಿ ಏನು ಕಾಯಿಲೆಯೆಂದು ಗೊತ್ತಾಯಿತು, ಯಾವ ಔಷಧ ಕೊಟ್ಟರು ಎಂಬ ಮಾಹಿತಿ ಅದೇ ಫೋನಿಗೆ ಮರಳಿ ಬರುವ ಏರ್ಪಾಡೂ ಬೇಕು. ಈಗ ಆಶಾ ಅಕ್ಕನಿಗೆ ಅದು ತಿಳಿಯುವುದು, ತಾಯಿ ಊರಿಗೆ ವಾಪಸು ಬಂದಮೇಲೆ ಎಲ್ಲಾದರೂ ಎದುರಾದರೆ.